ನಮ್ಮ ಲಾರ್ಪ್ ಬಳಗಕ್ಕೆ 2026ರ ಕ್ಯಾಲೆಂಡರ್: ಯಾವ ತಾರೀಖು ಹಾಕೋಣ, ಯಾರು ನೋಡ್ಕೊಳ್ತೀರಿ?

ಕೊಪ್ಪದ_ಕಾಡುಕೋಳಿ (ಹನೋವರ್)

ಎಲ್ಲರಿಗೂ ನಮಸ್ಕಾರ. ಡೇರೆ ಒಣಗಿಸಿ ಮಡಚಿಟ್ಟಾಯ್ತು, ಲೇಟೆಕ್ಸ್ ಕತ್ತಿಗಳಿಗೆ ಸಿಲಿಕೋನ್ ಹಚ್ಚಿದ್ದೂ ಆಯ್ತು. ಇನ್ನು ಮುಂದಿನ ವರ್ಷದ ಮಾತು.

ಲಾರ್ಪ್, ಅಂದ್ರೆ ವೇಷ ಹಾಕಿ ಪಾತ್ರವೇ ಆಗಿಬಿಡೋ ಆಟ, ಆಡೋ ಕನ್ನಡಿಗರು ನಾವು ಇರೋದು ಕೈಬೆರಳೆಣಿಕೆಯ ಜನ, ಹಂಚಿಹೋಗಿರೋದು ನಾಲ್ಕೈದು ದೇಶದಲ್ಲಿ. ಒಬ್ಬರಿಗೆ ಗೊತ್ತಿರೋ ಆಟ ಇನ್ನೊಬ್ಬರ ಕಿವಿಗೆ ಬೀಳೋದೇ ಇಲ್ಲ. ವಾಟ್ಸಾಪಲ್ಲಿ ಯಾರಾದ್ರೂ ಪೋಸ್ಟರ್ ಹಾಕಿದ್ರೆ ಸಂಜೆಯೊಳಗೆ ಅದು ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗಿರುತ್ತೆ. ಅದಕ್ಕೆ ಒಂದು ಗೂಗಲ್ ಕ್ಯಾಲೆಂಡರ್ ಮಾಡಿ ಎಲ್ಲರಿಗೂ ತಿದ್ದೋ ಅನುಮತಿ ಕೊಟ್ಟುಬಿಡೋಣ ಅಂತಿದ್ದೀನಿ.

ಜುಲೈ ಕೊನೆಗೆ ಜರ್ಮನಿಯ ಡೀಮೆಲ್‌ಶ್ಟಾಟ್‌ನ ಡ್ರಾಖನ್‌ಫೆಸ್ಟ್, ಅದರ ಬೆನ್ನಿಗೇ ಆಗಸ್ಟ್ ಮೊದಲಲ್ಲಿ ಬ್ರೋಕೆಲೋ ಊರಿನ ಕಾಂಕ್ವೆಸ್ಟ್ ಆಫ್ ಮಿಥೋಡಿಯಾ, ಇಂಗ್ಲೆಂಡಿನ ಎಂಪೈರ್‌ದು ವರ್ಷಕ್ಕೆ ನಾಲ್ಕು ಆಟ, ವಸಂತದಲ್ಲಿ ನಾರ್ಡಿಕ್ ದೇಶದವರ ಕ್ನೂಟೆಪುಂಕ್ಟ್ ಸಮಾವೇಶ. ಇವು ದೊಡ್ಡವು, ಹೇಗೋ ಸುದ್ದಿ ಬರುತ್ತೆ. ಕಾಡಲ್ಲಿ, ಹಳೇ ಕೋಟೆಯಲ್ಲಿ, ಸ್ಕೌಟ್ ಮನೆಗಳಲ್ಲಿ ನಡೆಯೋ ವಾರಾಂತ್ಯದ ಸಣ್ಣ ಆಟಗಳೇ ಕೈತಪ್ಪಿ ಹೋಗೋದು. ಏನಂತೀರಿ?

ಬೆಂಕಿಪೊಟ್ಣ (ಬರ್ಲಿನ್)

ಗುರು, ಐದು ನಿಮಿಷದ ಕೆಲಸ. ಈಗಲೇ ಮಾಡಿ ಲಿಂಕ್ ಹಾಕ್ತೀನಿ.

ಲೀಡ್ಸಿನ_ಅಕ್ಕ

ಸ್ವಲ್ಪ ತಡೀರಪ್ಪ. ಮಾಡೋದೇನೋ ಐದು ನಿಮಿಷ. ಅದು ಮಾರ್ಚ್‌ನಲ್ಲೂ ನಿಜ ಹೇಳೋ ಹಾಗೆ ಇಟ್ಟುಕೊಳ್ಳೋದು ಯಾರು?

ಇಲ್ಲಿ ನನಗೆ ಗೊತ್ತಿರೋ ಒಂದು ತಂಡ ಹೀಗೇ ಎಲ್ಲರ ಕೈಗೂ ಪೆನ್ನು ಕೊಟ್ಟಿತ್ತು. ಒಬ್ಬರು "ಈ ಆಟಕ್ಕೆ ನಾನು ಹೋಗಲ್ಲ" ಅಂದ್ಕೊಂಡು ತಮ್ಮ ಫೋನಿಂದ ಅದನ್ನ ಅಳಿಸಿದ್ರು. ತಿದ್ದೋ ಅನುಮತಿ ಇದ್ದವರು ಅಳಿಸಿದ್ರೆ ಎಲ್ಲರ ಫೋನಿಂದಲೂ ಹೋಗುತ್ತೆ. ಗೂಗಲ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತೆ ನಿಜ, ಆದರೆ ಇಲ್ಲದಿರೋದನ್ನ ಯಾರು ಗಮನಿಸ್ತಾರೆ? ಯಾರೂ ಹುಡುಕಲಿಲ್ಲ, ಅವಧಿ ಮುಗೀತು.

ಅದು ಬಿಡಿ, ಸರಿಪಡಿಸಬಹುದು. ನನ್ನ ತಕರಾರು ಬೇರೆ. ಆಟ ನಡೆಯೋ ತಾರೀಖು ಗೊತ್ತಾದ ಮಾತ್ರಕ್ಕೆ ನಮಗೇನು ಸಿಕ್ಕಿತು? ಆಗಸ್ಟ್‌ನಲ್ಲಿ ಆಟ ಇದೆ ಅಂತ ಕ್ಯಾಲೆಂಡರ್ ಆಗಸ್ಟ್‌ನಲ್ಲಿ ನೆನಪು ಮಾಡಿದ್ರೆ ಮನೇಲಿ ಕೂತು ಬೇರೆಯವರ ಫೋಟೋ ನೋಡಬೇಕು ಅಷ್ಟೇ. ನಾವು ಏನಾದ್ರೂ ಮಾಡಬೇಕಾದ ತಾರೀಖು ಯಾವುದೋ ಅದು ಬೇಕು: ನೋಂದಣಿ ಯಾವತ್ತು ತೆರೆಯುತ್ತೆ, ದುಡ್ಡು ಯಾವತ್ತಿನೊಳಗೆ ಕಟ್ಟಬೇಕು, ಪಾತ್ರದ ವಿವರ ಯಾವತ್ತಿಗೆ ಕೊಡಬೇಕು. ಎಂಪೈರ್‌ನಲ್ಲಂತೂ ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ನಮ್ಮ ಪಾತ್ರದ ಜಮೀನು, ಗಣಿ, ಸೈನ್ಯ ಏನು ಮಾಡ್ತು ಅಂತ ಆನ್‌ಲೈನ್‌ನಲ್ಲಿ ತುಂಬಬೇಕು. ಆ ಗಡುವು ಯಾವ ಪೋಸ್ಟರಲ್ಲೂ ಬರೋದಿಲ್ಲ.

ನಮ್ಮಲ್ಲಿ ಮುಕ್ಕಾಲು ಪಾಲು ಜನ ಭಾರತದ ಪಾಸ್‌ಪೋರ್ಟ್‌ನವರು ಅನ್ನೋದು ಇನ್ನೊಂದು. ನಾನು ಬ್ರೋಕೆಲೋಗೆ ಬರಬೇಕಂದ್ರೆ ಷೆಂಗನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡೋ ಹಾಗಿಲ್ಲ. ಬೇಸಿಗೆ ಹತ್ತಿರ ಬಂದ ಹಾಗೆ ಅಪಾಯಿಂಟ್‌ಮೆಂಟೇ ಸಿಗೋದಿಲ್ಲ. ಜರ್ಮನಿಯ ಪರ್ಮಿಟ್ ಇರೋ ನೀವು ಇಲ್ಲಿಗೆ ಬರಬೇಕಂದ್ರೆ ಬ್ರಿಟನ್ ವೀಸಾ, ಅದಕ್ಕೆ 3 ತಿಂಗಳಿಗಿಂತ ಮುಂಚೆ ಹಾಕೋಕೆ ಬಿಡಲ್ಲ. ಜರ್ಮನ್ ಗೆಳೆಯರ ಲಾರ್ಪ್ ಕ್ಯಾಲೆಂಡರನ್ನ ನಕಲು ಮಾಡಿದ್ರೆ ಇದ್ಯಾವುದೂ ಅದರಲ್ಲಿ ಇರಲ್ಲ, ಅವರಿಗೆ ಬೇಕಾಗೂ ಇಲ್ಲ.

ಹುಬ್ಬಳ್ಳಿ_ಹುಲಿ (ಹ್ಯಾಂಬರ್ಗ್)

ಅಕ್ಕಾರು ಹೇಳಿದ್ದು ಖರೆ ಐತ್ರಿ. ಜರ್ಮನಿ ಒಳಗ ಬಾಳಷ್ಟು ಆಟಕ್ಕ ದರ ಮೆಟ್ಟಲಾ ಮೆಟ್ಟಲಾ ಏರ್ತೈತಿ. ಮೊದಲ ಕೊಟ್ಟಾವ್ಗ ಕಡಿಮಿ, ತಡಾ ಮಾಡಿದಾವ್ಗ ಜಾಸ್ತಿ, ಗೇಟಿನ ಮುಂದ ನಿಂತು ಕೊಟ್ರ ಎಲ್ಲಾರಕಿಂತ ಜಾಸ್ತಿ. ಇದರಾಗ ಒಂದು ಸೂಕ್ಷ್ಮ ಐತಿ. ಬಾಳ ಕಡೆ ನೀವು ಹೆಸರು ಬರೆಸಿದ ತಾರೀಖು ನೋಡಂಗಿಲ್ಲ, ರೊಕ್ಕ ಅವರ ಖಾತೆಗೆ ಮುಟ್ಟಿದ ತಾರೀಖು ನೋಡ್ತಾರ. ಕಡೀ ದಿನಾ ರಾತ್ರಿ ಬ್ಯಾಂಕಿನ್ಯಾಗ ಒತ್ತಿದ್ರ ಮ್ಯಾಲಿನ ಮೆಟ್ಟಲದ ದರಾನ ಗತಿ. ಹಿಂಗಾಗಿ ಕ್ಯಾಲೆಂಡರಿನ್ಯಾಗ ಗಡುವಿಗಿಂತ ಎರಡ ದಿನ ಮೊದಲ ಬರೀರಿ, ಸುಮ್ನ ಆಗ್ತೈತಿ.

ಎನ್‌ಎಸ್‌ಸಿ ನೋಂದಣಿನೂ ಬ್ಯಾರೆ ಸಾಲು ಹಾಕ್ರಿ. ದರಾ ಬ್ಯಾರೆ, ತೆರೆಯೋ ದಿನಾನೂ ಬ್ಯಾರೆ ಇರ್ತೈತಿ.

ಹೊಸಬ_ಹಾಸನ (ಮ್ಯೂನಿಕ್)

ಕ್ಷಮಿಸಿ, ಎನ್‌ಎಸ್‌ಸಿ ಅಂದ್ರೆ? ನಾನು ಇನ್ನೂ ಒಂದು ಆಟಕ್ಕೂ ಹೋಗಿಲ್ಲ, ಕ್ಯಾಲೆಂಡರ್ ಆದ್ರೆ ಹೋಗೋಣ ಅಂತ ಕಾಯ್ತಿದ್ದೀನಿ.

ಬೆಂಕಿಪೊಟ್ಣ (ಬರ್ಲಿನ್)

ಜರ್ಮನ್ನರು ಎನ್‌ಪಿಸಿಗೆ ಹಾಗಂತಾರೆ ಗುರು. ಆಯೋಜಕರ ಕಡೆಯ ಪಾತ್ರಧಾರಿ. ಬೆಳಿಗ್ಗೆ ದರೋಡೆಕೋರ, ಮಧ್ಯಾಹ್ನ ಸತ್ತ ಸೈನಿಕ, ಸಂಜೆ ರಾಕ್ಷಸ. ಕಮ್ಮಿ ದುಡ್ಡಿಗೆ ಜಾಸ್ತಿ ಒದೆ ತಿನ್ನೋ ಕೆಲಸ. ಹೊಸಬರಿಗೆ ಇದೇ ಬೆಸ್ಟ್, ಸ್ವಂತ ಉಡುಪು ಹೊಲಿಸೋ ರಗಳೆಯೂ ಕಮ್ಮಿ.

ಕುಂದಾಪ್ರ_ಭಾಗ್ವತ (ಗೋಥೆನ್‌ಬರ್ಗ್)

ನಮ್ಮಲ್ಲಿ ಹಲವು ಆಟಕ್ಕೆ ಮೊದಲು ಬಂದವರಿಗೆ ಸೀಟು ಅಂತ ಇಲ್ಲವೇ ಇಲ್ಲ ಮಾರಾಯ್ರೆ. ಎರಡು ಮೂರು ವಾರ ನೋಂದಣಿ ತೆರೆದಿಡ್ತಾರೆ, ಆಮೇಲೆ ಚೀಟಿ ಎತ್ತುತ್ತಾರೆ. ತೆರೆಯುವ ದಿನ ಅಲಾರಾಂ ಇಟ್ಟು ಕೂತರೂ ಒಂದೇ, ಕೊನೆಯ ದಿನ ಹಾಕಿದರೂ ಒಂದೇ. ಆದರೆ ಕೊನೆಯ ದಿನ ದಾಟಿದರೆ ಮುಗೀತು. ಹಾಗಾಗಿ ಜರ್ಮನಿಯ ಸಾಲಿಗೆ ದರ ಏರುವ ದಿನ ಮುಖ್ಯ, ಇಲ್ಲಿಯದಕ್ಕೆ ಮುಚ್ಚುವ ದಿನ. ಒಂದೇ ಅಚ್ಚಿನಲ್ಲಿ ಎರಡನ್ನೂ ಎರಕ ಹೊಯ್ಯಬೇಡಿ.

ಕ್ನೂಟೆಪುಂಕ್ಟ್ ಹಾಕುವವರಿಗೆ ಒಂದು ಮಾತು. 1997ರಲ್ಲಿ ಓಸ್ಲೋದಲ್ಲಿ ಶುರುವಾದದ್ದು, ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡ್ ನಡುವೆ ಸುತ್ತುತ್ತದೆ. ಆಯಾ ದೇಶದ ಭಾಷೆಯಲ್ಲಿ ಆ ವರ್ಷದ ಹೆಸರು. ಫಿನ್‌ಲ್ಯಾಂಡಿನ ಸರದಿ ಬಂದಾಗ ಸೊಲ್ಮುಕೊಹ್ತಾ ಅಂತ ಬರುತ್ತದೆ, ಹಳೇ ಹೆಸರಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ವಿವರದಲ್ಲಿ ನಾಲ್ಕೂ ಹೆಸರು ಬರೆದಿಡಿ.

ಇನ್ನೊಂದು. ಯಾರು ತಿದ್ದಬೇಕು ಅಂತ ಯಾಕೆ ಇಷ್ಟು ತಲೆಬಿಸಿ? ನಮ್ಮ ಕಡೆ ದೀಪಾವಳಿ ಕಳೆದು ಯಕ್ಷಗಾನ ಮೇಳ ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ದಿನಾ ಒಂದೊಂದು ಊರು. ಯಾವ ಮೇಳ, ಎಲ್ಲಿ, ಯಾವ ಪ್ರಸಂಗ ಅಂತ ಪೇಪರಿನಲ್ಲಿ ಬರುತ್ತದೆ. ಅದನ್ನು ಪೇಪರಿನವರು ಊರೂರು ತಿರುಗಿ ಸಂಗ್ರಹ ಮಾಡುವುದಿಲ್ಲ, ಮೇಳದವರೇ ಕೊಡುತ್ತಾರೆ. ಕಟೀಲು ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮುಂಚೆ ಬುಕ್ ಮಾಡಿ ಕಾಯುತ್ತಾರೆ, ಆ ಲೆಕ್ಕವನ್ನೂ ಮೇಳವೇ ಇಟ್ಟುಕೊಳ್ಳುತ್ತದೆ. ಆಯೋಜಕರೇ ಬಂದು ಬರೆಯಲಿ.

ಲೀಡ್ಸಿನ_ಅಕ್ಕ

ಭಾಗ್ವತ್ರೇ, ಮೇಳಕ್ಕೆ ಜನ ಸೇರಬೇಕು. ಗದ್ದೆ ತುಂಬ ಕೂತಷ್ಟೂ ಕಳೆ. ನಮ್ಮದರಲ್ಲಿ ನೋಡೋಕೆ ಬರೋರೇ ಇಲ್ಲ, ಇರಬಾರದು ಕೂಡ. ಮೂವತ್ತು ಜನದ ಆಟದ ಆಯೋಜಕರಿಗೆ ಸೀಟು ತುಂಬಿದ ಮೇಲೆ ಪ್ರಚಾರವೇ ಬೇಡ. ಅವರು ಬಂದು ನಮ್ಮ ಕ್ಯಾಲೆಂಡರ್ ಯಾಕೆ ತುಂಬ್ತಾರೆ? ಅದೂ ಕನ್ನಡದ್ದು!

ಇದೇ ಕಾರಣಕ್ಕೆ ಜಾಗದ ವಿಳಾಸ ಹಾಕೋ ಬಗ್ಗೆ ನನ್ನದು ಖಡಾಖಂಡಿತ ವಿರೋಧ. ಖಾಸಗಿ ಕಾಡು, ರೈತರ ಹೊಲ, ಯಾರದೋ ಹಳೇ ಮನೆ. ಆಯೋಜಕರು ದುಡ್ಡು ಕಟ್ಟಿದವರಿಗೆ ಮಾತ್ರ ಪತ್ರದಲ್ಲಿ ವಿಳಾಸ ಕಳಿಸೋದು ಸುಮ್ಮನೆ ಅಲ್ಲ. ನಾವು ಊರಿನ ಹೆಸರು ಮಾತ್ರ ಹಾಕೋಣ. ವಿವರದಲ್ಲಿ ಯಾರ ಫೋನ್ ನಂಬರೂ ಬೇಡ, ಯಾರು ಯಾರು ಹೋಗ್ತಿದ್ದಾರೆ ಅನ್ನೋ ಪಟ್ಟಿಯೂ ಬೇಡ. ಯುರೋಪಿನ ಖಾಸಗಿ ಮಾಹಿತಿ ಕಾನೂನು 2018ರಿಂದ ಜಾರಿಯಲ್ಲಿದೆ ಅನ್ನೋದು ಒಂದು ಕಡೆ. ಹೆಣ್ಣುಮಕ್ಕಳು ಇಂಥ ದಿನ ಇಂಥ ಕಾಡಲ್ಲಿ ಇರ್ತಾರೆ ಅಂತ ಲೋಕಕ್ಕೆ ಸಾರೋದು ಬೇಡ ಅನ್ನೋದು ಇನ್ನೊಂದು ಕಡೆ. ನನಗೆ ಎರಡನೇದೇ ಸಾಕು.

ಒಂಟಿಕೊಪ್ಪಲ್_ಪಂಚಾಂಗ (ಫ್ರಾಂಕ್‌ಫರ್ಟ್)

ಹೆಸರಿಗೆ ತಕ್ಕ ಕೆಲಸ ನಾನು ಮಾಡ್ತೀನಿ, ರಜೆಗಳ ಸಾಲು ನನಗೆ ಬಿಡಿ. ಅದು ಮೊದಲು ಕೂತರೆ ಯಾವ ವಾರ ಯಾವ ಆಟ ಬೀಳಬಹುದು ಅಂತ ಅರ್ಧ ಗೊತ್ತಾಗಿಬಿಡುತ್ತೆ, ಯಾಕಂದ್ರೆ ಆಯೋಜಕರೆಲ್ಲ ಉದ್ದ ವಾರಾಂತ್ಯಕ್ಕೇ ಕಣ್ಣು ಹಾಕೋದು.

2026ರಲ್ಲಿ ಈಸ್ಟರ್ ಏಪ್ರಿಲ್ 5. ಜರ್ಮನಿಯ ಈ ಕ್ರೈಸ್ತ ಹಬ್ಬದ ರಜೆಗಳನ್ನ ಅದರಿಂದ ಎಣಿಸಿಕೊಂಡು ಹೋಗೋದು: ಹಿಮ್ಮೆಲ್‌ಫಾರ್ಟ್ ಮೇ 14 ಗುರುವಾರ, ಫಿಂಗ್‌ಸ್ಟನ್ ಸೋಮವಾರ ಮೇ 25, ಫ್ರೋನ್‌ಲೈಷ್ನಾಮ್ ಜೂನ್ 4 ಗುರುವಾರ. ಗುರುವಾರದವುಗಳಿಗೆ ಶುಕ್ರವಾರ ಒಂದು ರಜೆ ಹಾಕಿದ್ರೆ ನಾಲ್ಕು ದಿನ. ಆದರೆ ಫ್ರೋನ್‌ಲೈಷ್ನಾಮ್ ನಮ್ಮ ಹೆಸ್ಸನ್‌ನಲ್ಲಿ, ಬವೇರಿಯಾದಲ್ಲಿ ರಜೆ. ಬರ್ಲಿನ್, ಹ್ಯಾಂಬರ್ಗ್, ಹನೋವರ್‌ನವರಿಗೆ ಇಲ್ಲ.

ಈ ವರ್ಷದ ವಿಶೇಷ ಏನಂದ್ರೆ ಇಂಗ್ಲೆಂಡಿನ ಮೇ ಕೊನೆಯ ಬ್ಯಾಂಕ್ ಹಾಲಿಡೇ ಕೂಡ ಮೇ 25ಕ್ಕೇ ಬಂದಿದೆ. ಇಂಗ್ಲೆಂಡಿನವರದು ತಿಂಗಳ ಕೊನೆಯ ಸೋಮವಾರ, ಈಸ್ಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಜರ್ಮನಿಯದು ಈಸ್ಟರ್ ಹಿಂದೆ ಓಡುತ್ತೆ. ಹೀಗಾಗಿ 2026ರಲ್ಲಿ ಎರಡೂ ಕಡೆಯ ಆಟಗಳು ಒಂದೇ ವಾರಾಂತ್ಯದಲ್ಲಿ ಡಿಕ್ಕಿ ಹೊಡೆಯೋ ಸಾಧ್ಯತೆ ಜಾಸ್ತಿ. 2027ರಲ್ಲಿ ನೋಡಿ, ಫಿಂಗ್‌ಸ್ಟನ್ ಮೇ 17, ಇಂಗ್ಲೆಂಡಿನದು ಮೇ 31. ಎರಡಕ್ಕೂ ಹೋಗಬೇಕು ಅನ್ನೋ ಆಸೆ ಇದ್ದವರು ವೀಸಾ ದುಡ್ಡನ್ನ ಆ ವರ್ಷಕ್ಕೆ ಕೂಡಿಡಿ.

ನಮ್ಮ ಹಬ್ಬಗಳನ್ನೂ ಹಾಕ್ತೀನಿ. ಯುಗಾದಿ ಮಾರ್ಚ್ 19, ಗಣೇಶ ಚೌತಿ ಸೆಪ್ಟೆಂಬರ್ 14, ದೀಪಾವಳಿ ನವೆಂಬರ್ 8. ಕನ್ನಡ ಸಂಘಗಳು ಆಸುಪಾಸಿನ ಶನಿವಾರಕ್ಕೆ ಇಟ್ಕೊಳ್ತಾರೆ, ರಾಜ್ಯೋತ್ಸವದ್ದು ನವೆಂಬರ್ ಪೂರ್ತಿ ಎಳೆಯುತ್ತೆ. ಮನೆಯವರು ನಾಟಕದಲ್ಲಿ ಹಾಕಿಸಿರ್ತಾರೆ, ನಾವು ಕಾಡಲ್ಲಿ ಕತ್ತಿ ಹಿಡಿದಿರ್ತೀವಿ. ಆ ಜಗಳ ಯಾಕೆ.

ಕುಂದಾಪ್ರ_ಭಾಗ್ವತ (ಗೋಥೆನ್‌ಬರ್ಗ್)

ಸ್ವೀಡನ್‌ನಲ್ಲಿ ಆ ಮೇ 25 ರಜೆಯೇ ಅಲ್ಲ. 2005ರಲ್ಲಿ ತೆಗೆದು ಬದಲಿಗೆ ಜೂನ್ 6ರ ರಾಷ್ಟ್ರೀಯ ದಿನ ಕೊಟ್ಟರು. 2026ರಲ್ಲಿ ಅದು ಬಿದ್ದದ್ದು ಶನಿವಾರ! ಜೂನ್ 19 ಮಿಡ್‌ಸಮ್ಮರ್ ಮುನ್ನಾದಿನ ಹಾಕಿಡಿ. ಆ ವಾರಾಂತ್ಯ ಇಲ್ಲಿ ಯಾರೂ ಆಟ ಇಡುವುದಿಲ್ಲ, ಇಟ್ಟರೆ ಬರುವುದೂ ಇಲ್ಲ.

ಆಯೋಜಕರ ಬಗ್ಗೆ ಅಕ್ಕ ಹೇಳಿದ್ದು ಹೌದು, ಒಪ್ಪಿದೆ.

ಬೆಂಕಿಪೊಟ್ಣ (ಬರ್ಲಿನ್)

ಸರಿ, ಐದು ನಿಮಿಷ ಅಂದಿದ್ದಕ್ಕೆ ಇಷ್ಟು ಮಂಗಳಾರತಿ ಸಾಕು. ಕೂತು ಯೋಚನೆ ಮಾಡಿದ್ದು ಹೀಗಿದೆ.

ನಾವೆಲ್ಲ ಬೇರೆ ಬೇರೆ ಆ್ಯಪ್ ಬಳಸ್ತೀವಿ. ತೊಂದರೆ ಇಲ್ಲ, ಎಲ್ಲವೂ ಐಕ್ಯಾಲೆಂಡರ್ ಅನ್ನೋ ಒಂದೇ ನಮೂನೆ ಓದುತ್ವೆ. 1998ರಿಂದ ಇದೆ, ಈಗ ನಡೀತಿರೋದು 2009ರ ಆರ್‌ಎಫ್‌ಸಿ 5545. ನಾನು ಆ ನಮೂನೆಯ ಕಡತಕ್ಕೆ ಒಂದು ಲಿಂಕ್ (ಐಸಿಎಸ್ ಅಂತಾರೆ) ಕೊಡ್ತೀನಿ. ದಯವಿಟ್ಟು ಅದನ್ನ ಡೌನ್‌ಲೋಡ್ ಮಾಡಿ ಇಂಪೋರ್ಟ್ ಮಾಡಬೇಡಿ. ಇಂಪೋರ್ಟ್ ಅಂದ್ರೆ ಆವತ್ತಿನ ನಕಲು, ಮುಂದೆ ಆಟ ಮುಂದೂಡಿದ್ರೂ ನಿಮ್ಮ ಫೋನಲ್ಲಿ ಹಳೇ ತಾರೀಖೇ ಇರುತ್ತೆ. ಲಿಂಕ್‌ಗೆ ಸಬ್‌ಸ್ಕ್ರೈಬ್ ಆಗಿ. ಹಾಗೆ ಆದ ಮೇಲೂ ಗೂಗಲ್ ಹೊಸದನ್ನ ತರೋಕೆ ಹಲವು ಗಂಟೆ ತಗೊಳ್ಳುತ್ತೆ, ಹೊರಡೋ ಹಿಂದಿನ ರಾತ್ರಿಯ ಬದಲಾವಣೆಗೆ ಇದನ್ನ ನಂಬಬೇಡಿ, ಅದಕ್ಕೆ ವಾಟ್ಸಾಪೇ ಗತಿ.

ಎಕ್ಸೆಲ್‌ನಿಂದ ಕಡತ ತಯಾರಿಸೋರಿಗೆ ಒಂದು ಗುಂಡಿ ಇದೆ, ಬೀಳಬೇಡಿ. ಇಡೀ ದಿನದ ಕಾರ್ಯಕ್ರಮಕ್ಕೆ ಮುಗಿಯೋ ತಾರೀಖು ಈ ನಮೂನೆಯಲ್ಲಿ ಲೆಕ್ಕಕ್ಕೆ ಬರಲ್ಲ. ಶುಕ್ರವಾರ 7ರಿಂದ ಭಾನುವಾರ 9ರವರೆಗೆ ಆಟ ಅಂದ್ರೆ ಕಡತದಲ್ಲಿ ಮುಗಿಯೋದು 10 ಅಂತ ಇರಬೇಕು. 9 ಅಂತ ಬರೆದ್ರೆ ಎಲ್ಲರ ಫೋನಲ್ಲೂ ಶನಿವಾರಕ್ಕೆ ಆಟ ಮುಗಿದುಹೋಗುತ್ತೆ, ಜನ ಭಾನುವಾರ ಬೆಳಿಗ್ಗೆಯ ರೈಲು ಬುಕ್ ಮಾಡಿ ಕೊನೆಯ ಯುದ್ಧ ತಪ್ಪಿಸ್ಕೊಳ್ತಾರೆ. ಗೂಗಲ್ ಪರದೆಯಲ್ಲೇ ಕೈಯಾರೆ ತುಂಬಿದ್ರೆ ಈ ರಗಳೆ ಇಲ್ಲ, ಅದೇ ಸೇರಿಸಿಕೊಳ್ಳುತ್ತೆ.

ಬೆಂಗಳೂರಿಂದ ನಮ್ಮ ಆನ್‌ಲೈನ್ ಆಟಕ್ಕೆ ಸೇರೋರಿದ್ದಾರಲ್ಲ, ಅವರಿಗಾಗಿ ಸಮಯದ ಜೊತೆ ವಲಯ ಹಾಕಲೇಬೇಕು. ಬರ್ಲಿನ್ ಸಂಜೆ 7 ಅಂದ್ರೆ ಬೇಸಿಗೆಯಲ್ಲಿ ಅವರಿಗೆ ರಾತ್ರಿ 10:30. ಅಕ್ಟೋಬರ್ 25ಕ್ಕೆ ಇಲ್ಲಿ ಗಡಿಯಾರ ಹಿಂದೆ ಹೋದ ಮೇಲೆ 11:30. "ಭಾರತದ ಸಮಯ 10:30" ಅಂತ ವಿವರದಲ್ಲಿ ಅಕ್ಷರದಲ್ಲಿ ಬರೆದ್ರೆ ನವೆಂಬರ್‌ನಲ್ಲಿ ಅವರು ಒಂದು ಗಂಟೆ ಸುಮ್ಮನೆ ಕಾಯಬೇಕು.

ಹುಬ್ಬಳ್ಳಿ_ಹುಲಿ (ಹ್ಯಾಂಬರ್ಗ್)

ರೈಲಿನ ಮಾತು ಬಂತಲ್ಲ, ಇನ್‌ಟೈಮ್ ಅಂದ್ರ ಪಾತ್ರದಾಗ ಇರೂ ಹೊತ್ತು, ಯಾವಾಗ ಶುರು, ಯಾವಾಗ ಮುಗೀತೈತಿ ಅದನ್ನೂ ಬರೀರಿ. ಬುಧವಾರ ಗೇಟ್ ತೆಗೀತಾರ, ಆಟ ಶುರು ಆಗೂದು ಗುರುವಾರ ಸಂಜಿಗೆ. ರಜಾ ಎಷ್ಟ ಹಾಕಬೇಕು ಅನ್ನೂದು ಅದರ ಮ್ಯಾಲ ನಿಂತೈತಿ.

ಆದ್ರ ನನಗ ಒಂದು ಚಿಂತಿ. ಅಕ್ಕಾರು ಹೇಳಿದ ಎಲ್ಲಾ ಗಡುವು ಹಾಕಿದ್ರ ಒಂದ ಆಟಕ್ಕ ಐದಾರು ಸಾಲು ಆಗ್ತಾವ. ಹತ್ತ ಆಟ ಹಾಕೂದ್ರೊಳಗ ಫೋನ್ ತುಂಬಾ ಬಣ್ಣದ ಪಟ್ಟಿ. ಅದನ್ನ ನೋಡಿ ಬ್ಯಾಸರಾಗಿ ಮಂದಿ ಬಂದ್ ಮಾಡಿಬಿಡ್ತಾರ.

ಕೊಪ್ಪದ_ಕಾಡುಕೋಳಿ (ಹನೋವರ್)

ಹಾಗಾದ್ರೆ ಎರಡು ಕ್ಯಾಲೆಂಡರ್ ಮಾಡೋಣ. ಒಂದು ಆಟದ್ದು, ಒಂದು ಗಡುವಿನದು. ಬೇಕಾದವರು ಎರಡೂ ಹಾಕ್ಕೊಳ್ಳಿ.

ಲೀಡ್ಸಿನ_ಅಕ್ಕ

ಎರಡು ಮಾಡಿದ್ರೆ ಜನ ಆಟದ್ದನ್ನ ಮಾತ್ರ ಹಾಕ್ಕೊಂಡು ಗಡುವಿನದನ್ನ ಬಿಡ್ತಾರೆ ಕಣ್ರೋ. ನೋಡ್ತಾ ಇರಿ. ಬೇಕಿದ್ರೆ ಆಟದ್ದನ್ನ ಬಿಟ್ಟು ಗಡುವಿನದೊಂದೇ ಇಟ್ಕೊಳ್ಳಿ, ಪ್ರತಿ ಗಡುವಿನ ವಿವರದಲ್ಲಿ ಆಟದ ತಾರೀಖು ಬರೆದ್ರಾಯ್ತು.

ಒಂಟಿಕೊಪ್ಪಲ್_ಪಂಚಾಂಗ (ಫ್ರಾಂಕ್‌ಫರ್ಟ್)

ಅದು ಅತಿಯಾಯ್ತು ಅಕ್ಕ. ರಜೆ ಕೇಳೋಕೆ ಆಟದ ದಿನ ಕಣ್ಣಿಗೆ ಕಾಣಬೇಕು. ನಾನು ಎರಡರ ಪರ.

ಕುಂದಾಪ್ರ_ಭಾಗ್ವತ (ಗೋಥೆನ್‌ಬರ್ಗ್)

ಎರಡು ಮಾಡಿ, ಒಂದೇ ಸಂದೇಶದಲ್ಲಿ ಎರಡು ಲಿಂಕ್ ಕೊಡಿ. ಒಂದು ತಿಂಗಳು ನೋಡುವ. ಅದಕ್ಕಿಂತ ದೊಡ್ಡ ವಿಷಯ ಖಚಿತ ಅಲ್ಲದ ತಾರೀಖು. "ಬಹುಶಃ ಮೇ ಮೂರನೇ ವಾರ" ಅಂತ ಯಾರೋ ಹೇಳಿದ್ದನ್ನು ಹಾಕಿದರೆ ನಾಲ್ಕು ದಿನದಲ್ಲಿ ಅದು ವೇದವಾಕ್ಯ ಆಗಿರುತ್ತದೆ.

ಬೆಂಕಿಪೊಟ್ಣ (ಬರ್ಲಿನ್)

ನಮೂನೆಯಲ್ಲೇ ಸ್ಥಿತಿ ಅಂತ ಒಂದು ಅಂಕಣ ಇದೆ: ಅನಿಶ್ಚಿತ, ಖಚಿತ, ರದ್ದು. ಆದರೆ ಎಲ್ಲ ಆ್ಯಪ್‌ಗಳು ಅದನ್ನ ತೋರಿಸಲ್ಲ. ಹೆಸರಿನ ಮುಂದೆಯೇ ಬರೆಯೋದು ವಾಸಿ. "ಅನಿಶ್ಚಿತ:" ಅಂತ ಶುರುವಾದ್ರೆ ಯಾರೂ ಟಿಕೆಟ್ ಬುಕ್ ಮಾಡಬೇಡಿ. ರದ್ದಾದದ್ದನ್ನ ಅಳಿಸೋದೂ ಬೇಡ, "ರದ್ದು:" ಅಂತ ಹಾಕಿ ಬಿಡೋಣ. ಅಳಿಸಿದ್ರೆ ರದ್ದಾಯ್ತೋ, ನಾವೇ ಮರೆತೆವೋ ಗೊತ್ತಾಗಲ್ಲ.

ತಿಂಗಳ ಮೂರನೇ ಶನಿವಾರ ನಡೆಯೋ ವ್ಯಾಂಪೈರ್ ಆಟಗಳನ್ನ ಪುನರಾವರ್ತನೆ ಹಾಕ್ತೀರಲ್ಲ, ಅದಕ್ಕೊಂದು ಕೊನೆಯ ತಾರೀಖು ಕೊಡಿ. ಇಲ್ಲಾಂದ್ರೆ ಆ ತಂಡ ಮುಚ್ಚಿಹೋದ ಎಷ್ಟೋ ವರ್ಷದ ಮೇಲೂ ಕ್ಯಾಲೆಂಡರಲ್ಲಿ ರಕ್ತಪಿಶಾಚಿ ತಿಂಗಳು ತಿಂಗಳು ಎದ್ದು ಬರ್ತಾನೇ ಇರುತ್ತೆ.

ಲೀಡ್ಸಿನ_ಅಕ್ಕ

ಅದರ ಜೊತೆ ಒಂದು ಸಾಲು ಕಡ್ಡಾಯ ಮಾಡಿ: ಯಾರು, ಯಾವತ್ತು, ಎಲ್ಲಿ ನೋಡಿ ಖಚಿತಪಡಿಸಿದ್ದು. ಆಯೋಜಕರ ತಾಣದಲ್ಲೋ, ಅವರ ಪತ್ರದಲ್ಲೋ, ಗೆಳೆಯರ ಬಾಯಲ್ಲೋ. ಮೂರನೇದಾದ್ರೆ ತಾನಾಗೇ "ಅನಿಶ್ಚಿತ". ಹೆಸರು ಪೂರ್ತಿ ಬೇಡ, ಇಲ್ಲಿನ ಅಡ್ಡಹೆಸರು ಸಾಕು. ಖಚಿತಪಡಿಸಿ ಎರಡು ತಿಂಗಳು ದಾಟಿದ ಸಾಲನ್ನ ಅದರ ಮೇಲೆ ಹೆಸರಿರೋರೇ ಮತ್ತೆ ನೋಡಬೇಕು.

ತಿದ್ದೋ ಅನುಮತಿ ಮೂವರಿಗೆ ಸಾಕು, ದೇಶಕ್ಕೊಬ್ಬರ ಹಾಗೆ. ಮಿಕ್ಕವರು ಫಾರಂನಲ್ಲಿ ಕಳಿಸಲಿ. ಇಂಗ್ಲೆಂಡ್ ನಾನು.

ಹುಬ್ಬಳ್ಳಿ_ಹುಲಿ (ಹ್ಯಾಂಬರ್ಗ್)

ಜರ್ಮನಿ ನಾ ಮಾಡ್ತೀನ್ರಿ. ಬೆಂಕಿಪೊಟ್ಣ ಲಿಂಕಿನ ಕೆಲಸ ನೋಡ್ಕೊಳ್ಳಲಿ.

ಕುಂದಾಪ್ರ_ಭಾಗ್ವತ (ಗೋಥೆನ್‌ಬರ್ಗ್)

ನಾರ್ಡಿಕ್ ನನಗೆ. ಜುಲೈ ಪೂರ್ತಿ ಮೇಲ್ ನೋಡುವುದಿಲ್ಲ, ಈಗಲೇ ಹೇಳಿದ್ದೇನೆ.

ಕೊಪ್ಪದ_ಕಾಡುಕೋಳಿ (ಹನೋವರ್)

ಹಾಗಾದ್ರೆ ಜುಲೈಯಲ್ಲಿ ನಾರ್ಡಿಕ್ ಸಾಲುಗಳನ್ನ ನಾನು ನೋಡ್ಕೊಳ್ತೀನಿ. ಇನ್ನೊಂದು ಕೇಳೋದಿತ್ತು: ಬಳಗದ ಸಾಮಾನು, ಅಂದ್ರೆ ದೊಡ್ಡ ಡೇರೆ, ಕತ್ತಿಗಳು, ಆ ಸಾಂಬಾರ್ ಪಾತ್ರೆ, ಅದು ಯಾವ ವಾರ ಯಾರ ಹತ್ತಿರ ಅನ್ನೋದನ್ನೂ ಇದೇ ಕ್ಯಾಲೆಂಡರಿಗೆ ಸೇರಿಸೋಣ್ವಾ?

ಬೆಂಕಿಪೊಟ್ಣ (ಬರ್ಲಿನ್)

ಬೇಡ ಗುರು. ಎರಡು ಅಂದಿದ್ದೇ ಜಾಸ್ತಿ. ಪಾತ್ರೆಗೆ ಬೇರೆ ಶೀಟ್.

ಹೊಸಬ_ಹಾಸನ (ಮ್ಯೂನಿಕ್)

ಒಂದು ಪ್ರಶ್ನೆ. ಬವೇರಿಯಾದಲ್ಲಿ ಶಾಲೆ ರಜೆ ಆಗಸ್ಟ್ ಆಸುಪಾಸಿಗೆ ಶುರು. ಮಗಳನ್ನ ಕರ್ಕೊಂಡು ಬರೋದಾದ್ರೆ ಮಕ್ಕಳಿಗೆ ಅವಕಾಶ ಇರೋ ಆಟ ಯಾವುದು ಅಂತ ಗೊತ್ತಾಗೋ ಹಾಗೆ ಏನಾದ್ರೂ ಗುರುತು ಹಾಕ್ತೀರಾ?

ಲೀಡ್ಸಿನ_ಅಕ್ಕ

ಒಳ್ಳೇ ಪ್ರಶ್ನೆ, ನಮಗ್ಯಾರಿಗೂ ಹೊಳೆದಿರಲಿಲ್ಲ. ವಯಸ್ಸಿನ ಮಿತಿ ಅಂತ ವಿವರದಲ್ಲಿ ಒಂದು ಸಾಲು ಸೇರಿಸೋಣ, ಫಾರಂನಲ್ಲೂ. ಒಂದೊಂದು ಆಟಕ್ಕೂ ನಿಯಮ ಬೇರೆ, ಕೆಲವು 18 ತುಂಬಿದವರಿಗೆ ಮಾತ್ರ, ಕೆಲವಕ್ಕೆ ಪೋಷಕರ ಜೊತೆ ಬರಬಹುದು. ಮಗಳ ವಯಸ್ಸೆಷ್ಟು? ಹುಲಿ, ನೀವು ಜರ್ಮನಿ ಸಾಲುಗಳನ್ನ ತುಂಬುವಾಗ ಮೊದಲು ಇದನ್ನ ನೋಡಿ ಹೇಳ್ತೀರಾ?

ಹುಬ್ಬಳ್ಳಿ_ಹುಲಿ (ಹ್ಯಾಂಬರ್ಗ್)

ಆತ್ರಿ ಅಕ್ಕಾರ. ಆಯಿತವಾರದೊಳಗ ದೊಡ್ಡ ಎರಡೂ ಆಟದ್ದು ಅವರ ತಾಣದಾಗ ನೋಡಿ ಹಾಕ್ತೀನಿ. ಅಲ್ಲೀತನಕ ಜರ್ಮನಿ ಸಾಲೆಲ್ಲಾ "ಅನಿಶ್ಚಿತ" ಅಂತ ಇರಲಿ.